ಆಳವಾದ ಪಾದದ ಹುಣ್ಣಿಗೆ ಸಿರಿಂಜ್‌ನಿಂದ ತುಂಬುವ ಹೈಡ್ರೋಜೆಲ್ ಆದೀತೇ?

ಪ್ರಶ್ನೆ (ಮಲ್ಪೆ)

ನಮಸ್ಕಾರ. ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿದೆ. ಬಾಯಿ ಅವರೆಕಾಳಿನಷ್ಟೇ ಇದ್ದರೂ ಒಳಗೆ ಅದು ಓರೆಯಾಗಿ ಹಬ್ಬಿರುವುದರಿಂದ, ಡ್ರೆಸ್ಸಿಂಗ್ ಮಾಡುವವರು ಗಾಜ್ ಪಟ್ಟಿಯನ್ನು ಚಿಮಟದಿಂದ ಒಳಕ್ಕೆ ತುಂಬುತ್ತಾರೆ. ಮರುದಿನ ಎಳೆಯುವಾಗ ಅಂಟಿಕೊಂಡ ಕಡೆ ಮತ್ತೆ ರಕ್ತ ಒಸರುತ್ತದೆ. ತಂದೆಯವರಿಗೆ ಅಲ್ಲಿ ನೋವೇ ತಿಳಿಯುವುದಿಲ್ಲ, ಅದೇ ನಮಗೆ ಹೆಚ್ಚು ಹೆದರಿಕೆ. ಸಿರಿಂಜ್‌ನಲ್ಲಿ ದ್ರವವಾಗಿದ್ದು ಗಾಯದೊಳಗೆ ಗಟ್ಟಿಯಾಗುವ ಹೈಡ್ರೋಜೆಲ್‌ಗಳನ್ನು ಗಾಜ್‌ನ ಬದಲಿಗೆ ಬಳಸಬಹುದೇ? ಕೆಲವನ್ನು ಸಿಗಡಿ ಚಿಪ್ಪಿನಿಂದ ತಯಾರಿಸುತ್ತಾರಂತೆ. ತಂದೆಯವರಿಗೆ ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ.

ಉತ್ತರ 1 (ಸಂಶೋಧನಾ ವಿದ್ಯಾರ್ಥಿನಿ, ಮಣಿಪಾಲ)

ಗಾಯವನ್ನು ಒಣಗಲು ಬಿಡುವುದಕ್ಕಿಂತ ತೇವವಾಗಿಟ್ಟರೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಜಾಲವಾದ ಹೈಡ್ರೋಜೆಲ್ ಆ ತೇವವನ್ನು ಕಾಯುತ್ತದೆ. ಚುಚ್ಚಿ ತುಂಬುವ ಬಗೆಯದಾದರೆ ಗಾಜ್ ತಲುಪದ ಮೂಲೆಗಳಿಗೂ ಹರಿಯುತ್ತದೆ.

ನೀವು ಹೇಳಿದ ಚಿಪ್ಪಿನ ವಸ್ತು ಕೈಟೋಸಾನ್. ಅದು ಆಮ್ಲೀಯ ನೀರಿನಲ್ಲಿ ಮಾತ್ರ ಕರಗುತ್ತದೆ. ತಣ್ಣಗಿರುವಾಗ ಅದಕ್ಕೆ ಬೀಟಾ-ಗ್ಲಿಸರೋಫಾಸ್ಫೇಟ್ ಎಂಬ ಲವಣ ಸೇರಿಸಿದರೆ ಪಿಎಚ್ 7ರ ಆಸುಪಾಸಿಗೆ (ಆಮ್ಲವೂ ಕ್ಷಾರವೂ ಅಲ್ಲದ ಮಟ್ಟಕ್ಕೆ) ಏರಿದರೂ ದ್ರವವಾಗಿಯೇ ಉಳಿದು, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೆಲ್ ಆಗುತ್ತದೆ. ಪ್ರಯೋಗಾಲಯದಲ್ಲಿ ನಾವು ಚಿಕ್ಕ ಸೀಸೆಯನ್ನು ಆಗಾಗ ಓರೆ ಮಾಡಿ, ದ್ರವ ಹರಿಯದೆ ನಿಂತ ಕ್ಷಣವನ್ನು ಬರೆದಿಟ್ಟುಕೊಳ್ಳುತ್ತೇವೆ. ಬೇಗ ಗಟ್ಟಿಯಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ, ತಡವಾದರೆ ಗಾಯದಿಂದ ಹೊರಕ್ಕೆ ಹರಿದುಹೋಗುತ್ತದೆ. ಪಾದದ ಚರ್ಮ ಸಾಮಾನ್ಯವಾಗಿ 37 ಡಿಗ್ರಿಗಿಂತ ತಣ್ಣಗಿರುವುದರಿಂದ, ಪಾದದ ಹುಣ್ಣಿಗೆ ಈ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು.

ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು. ಕೈಟೋಸಾನ್ ತಯಾರಿಸುವಾಗ ಪ್ರೋಟೀನನ್ನು ತೆಗೆದುಹಾಕುತ್ತಾರೆ. ಆದರೂ ಅಲರ್ಜಿಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಉತ್ತರ 2 (ಶುಶ್ರೂಷಕಿ, ಮಂಗಳೂರು)

ಔಷಧದಂಗಡಿಯಲ್ಲಿ ಟ್ಯೂಬ್‌ನಲ್ಲಿ ಸಿಗುವ ಹೈಡ್ರೋಜೆಲ್ ಬೇರೆ, ಇದು ಬೇರೆ. ಆ ಟ್ಯೂಬ್ ಜೆಲ್ ಒಳಗೆ ಗಟ್ಟಿಯಾಗುವುದಿಲ್ಲ. ಅದು ಒಣ ಗಾಯಕ್ಕೆ ಒಳ್ಳೆಯದು, ರಸ ಹೆಚ್ಚು ಸೋರುವ ಗಾಯಕ್ಕೆ ಹಾಕಿದರೆ ಸುತ್ತಲಿನ ಚರ್ಮ ಬಿಳುಚಿ ಮೆತ್ತಗಾಗುತ್ತದೆ. ಗಟ್ಟಿಯಾಗುವ ಬಗೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಫೈಬ್ರಿನ್ ಅಂಟು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ, ಆದರೆ ಪಾದದ ಹುಣ್ಣಿಗೆಂದು ರೂಪಿಸುತ್ತಿರುವ ಜೆಲ್‌ಗಳಲ್ಲಿ ಹೆಚ್ಚಿನವು ಸಂಶೋಧನೆಯ ಹಂತದಲ್ಲಿಯೇ ಇವೆ.

ನನ್ನ ಕಳಕಳಿ ಬೇರೆಯದು. ಒಳಗೆ ಕೀವಿರುವ ಓರೆ ಪೊಳ್ಳನ್ನು ಯಾವ ಜೆಲ್‌ನಿಂದಲೂ ಮುಚ್ಚಬಾರದು. ಕಡ್ಡಿ ಹಾಕಿ ನೋಡಿದಾಗ ಮೂಳೆ ತಾಗುತ್ತದೆಯೇ, ಎಕ್ಸ್-ರೇ ತೆಗೆದಿದ್ದಾರೆಯೇ, ಕಾಲಿನ ರಕ್ತಸಂಚಾರ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ನೋವಿಲ್ಲವೆಂದು ಅವರು ನಡೆಯುತ್ತಲೇ ಇದ್ದರೆ ಪ್ರತಿ ಹೆಜ್ಜೆಯ ಭಾರವೂ ಹುಣ್ಣಿನ ಮೇಲೆ ಬೀಳುತ್ತದೆ. ಭಾರ ತಪ್ಪಿಸುವ ಪಾದರಕ್ಷೆ ಅಥವಾ ಕಟ್ಟು ಇಲ್ಲದೆ ಒಳಗೆ ಏನು ತುಂಬಿದರೂ ಪ್ರಯೋಜನವಿಲ್ಲ. ಗಾಜ್ ಅಂಟಿದ್ದರೆ ಎಳೆಯುವ ಮೊದಲು ಸಲೈನ್‌ನಿಂದ ಚೆನ್ನಾಗಿ ನೆನೆಸಲು ಹೇಳಿ. ರಸ ಸೋರುವ ಆಳದ ಗಾಯಕ್ಕೆ ಕಡಲಪಾಚಿಯಿಂದ ತಯಾರಾಗುವ ಆಲ್ಜಿನೇಟ್ ಪಟ್ಟಿ ಈಗಲೇ ಸಿಗುತ್ತದೆ. ಅದು ರಸ ಹೀರಿ ಜೆಲ್‌ನಂತಾಗುವುದರಿಂದ ಅಂಟುವುದು ಕಡಿಮೆ.

ಪ್ರಶ್ನಿಸಿದವರು

ಎಕ್ಸ್-ರೇ ತೆಗೆಸಿಲ್ಲ, ತಂದೆಯವರು ದಿನವೂ ಬಂದರಿನವರೆಗೆ ನಡೆಯುತ್ತಿದ್ದಾರೆ. ಎರಡನ್ನೂ ನಾಳೆಯೇ ವೈದ್ಯರಿಗೆ ಹೇಳುತ್ತೇನೆ. ಒಂದು ಸಂದೇಹ ಉಳಿದಿದೆ: ಗಟ್ಟಿಯಾದ ಜೆಲ್ಲನ್ನು ಆಮೇಲೆ ತೆಗೆಯುವುದು ಹೇಗೆ?

ಉತ್ತರ 1

ಕೈಟೋಸಾನ್ ಜೆಲ್ಲನ್ನು ತೆಗೆಯಬೇಕಾಗಿಲ್ಲ ಎಂಬುದೇ ಉದ್ದೇಶ. ಗಾಯದ ರಸದಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಅದನ್ನು ನಿಧಾನವಾಗಿ ಕತ್ತರಿಸುತ್ತದೆ, ತೆರವಾದ ಜಾಗಕ್ಕೆ ಹೊಸ ಅಂಗಾಂಶ ಬೆಳೆಯಬೇಕು. ಈ ಎರಡರ ವೇಗ ಹೊಂದಿಕೆಯಾಗುವಂತೆ ಮಾಡುವುದರಲ್ಲಿಯೇ ನಮ್ಮ ಕೆಲಸದ ಬಹುಪಾಲು ಸಮಯ ಹೋಗುತ್ತಿದೆ.