ವಾನ್ ವಿಲಿಯಮ್ಸ್ ಸಿಂಫನಿಯಲ್ಲಿ ಆ ಟ್ರಂಪೆಟ್ ಯಾಕೆ ಜಾರುತ್ತದೆ?

ಪಿಟೀಲು ಹುಚ್ಚ:
ನಿನ್ನೆ ಊಟ ಆದ ಮೇಲೆ ಇಂಗ್ಲಿಷ್ ಸಂಗೀತ ಸಂಯೋಜಕ ರಾಲ್ಫ್ ವಾನ್ ವಿಲಿಯಮ್ಸ್ ಅವರ ಮೂರನೇ ಸಿಂಫನಿ ಹಾಕಿದೆ. ಹೆಸರು 'ಪ್ಯಾಸ್ಟೊರಲ್' ಅಲ್ವಾ, ಹಸಿರು ಬಯಲು, ಕುರಿಮಂದೆ ಅಂದುಕೊಂಡಿದ್ದೆ. ಎರಡನೇ ಭಾಗದಲ್ಲಿ ಒಂಟಿ ಟ್ರಂಪೆಟ್ ಶುರುವಾದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಒಂದು ಸ್ವರ ಸ್ವಲ್ಪ ಇಳಿದ ಹಾಗೂ ಕೇಳಿಸಿತು. ಇದಕ್ಕೂ ಅವರ ಸೈನ್ಯದ ದಿನಗಳಿಗೂ ಸಂಬಂಧ ಇದೆಯಾ?

ಹಳೇ ಬ್ಯೂಗಲ್:
ಇದೆ. 1914, ಮೊದಲ ಮಹಾಯುದ್ಧದ ಕಾಲ. ಅವರಿಗೆ 42 ವರ್ಷ. ಹೋಗಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಆದರೂ ಸೈನ್ಯದ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. 1916ರಲ್ಲಿ ಫ್ರಾನ್ಸಿನ ಎಕ್ವಾವ್ರ್ ಹಳ್ಳಿಯಲ್ಲಿದ್ದರು. ರಾತ್ರಿಯೆಲ್ಲ ಆಂಬುಲೆನ್ಸ್ ಗಾಡಿಯಲ್ಲಿ ಗಾಯಾಳುಗಳನ್ನು ತರುವ ಕೆಲಸ. ಅಲ್ಲೊಬ್ಬ ಬ್ಯೂಗಲ್‌ನವನು (ಸೈನ್ಯದ ಕಹಳೆ ಊದುವವನು) ಅಭ್ಯಾಸ ಮಾಡುತ್ತಾ ಅಷ್ಟಮದ, ಅಂದರೆ ಎಂಟನೇ ಸ್ವರದ ಬದಲು ಪದೇ ಪದೇ ಸಪ್ತಮಕ್ಕೆ, ಅಂದರೆ ಏಳನೆಯದಕ್ಕೆ ಹೋಗುತ್ತಿದ್ದ. ಆ ತಪ್ಪು ಸ್ವರವೇ 1922ರ ಸಿಂಫನಿಗೆ ಬಂತು.

ನಾನು ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಬ್ಯೂಗಲ್ ಊದಿದವನು. ಅದಕ್ಕೆ ಸ್ವರ ಬದಲಿಸಲು ಒತ್ತುವ ಕೀಲಿ ಇಲ್ಲ, ಎಲ್ಲ ತುಟಿಯದೇ ಆಟ. ತುಟಿ ಒಂಚೂರು ಸಡಿಲವಾಯಿತೋ, ಮೇಲಿನ ಸ್ವರ ಕೈಕೊಟ್ಟು ಕೆಳಗಿನದಕ್ಕೆ ಬೀಳುತ್ತೆ. ಆ ಏಳನೇ ಸ್ವರ ಸ್ವಭಾವದಲ್ಲೇ ಇಳಿದಿರುತ್ತೆ. ಬೆಳಗಿನ ಪರೇಡಿನಲ್ಲಿ ನಾನೂ ಎಷ್ಟೋ ಸಲ ಜಾರಿ ಬೈಸಿಕೊಂಡಿದ್ದೇನೆ! ವಾನ್ ವಿಲಿಯಮ್ಸ್ ಅದನ್ನು ತಿದ್ದಲಿಲ್ಲ. ಕೀಲಿಯಿಲ್ಲದ ಟ್ರಂಪೆಟ್‌ಗೇ ಬರೆದರು.

ಆ 1916ರ ಆಗಸ್ಟ್‌ನಲ್ಲೇ ಅವರ ಗೆಳೆಯ, ಸಂಗೀತಗಾರ ಜಾರ್ಜ್ ಬಟರ್‌ವರ್ತ್ ಸೊಮ್ ಕದನದಲ್ಲಿ ಸತ್ತರು, 31ನೇ ವಯಸ್ಸಿಗೆ. ಆಮೇಲೆ ವಾನ್ ವಿಲಿಯಮ್ಸ್ ಫಿರಂಗಿ ದಳಕ್ಕೆ ಹೋದರು. ಮುಂದೆ ಕಿವಿಯೂ ಮಂದವಾಯಿತು.

ಸುಮ್ನೆ ಓದುಗ:
ಹಾಗಾದರೆ ಇನ್ನೊಬ್ಬ ಇಂಗ್ಲಿಷ್ ಸಂಗೀತಗಾರ, ಕವಿ ಐವರ್ ಗರ್ನಿ ವಿಷಯ ಏನು? ಕಂದಕದಲ್ಲೇ ಹಾಡು ಬರೆದ, 1917ರಲ್ಲಿ ಗುಂಡು ತಿಂದ, ವಿಷದ ಗ್ಯಾಸ್ ಕುಡಿದ. 1922ರಿಂದ ಸಾಯುವವರೆಗೆ, 1937ರ ತನಕ, ಮಾನಸಿಕ ಆಸ್ಪತ್ರೆ. ಯುದ್ಧವೇ ಹುಚ್ಚು ಹಿಡಿಸಿತು ಅಂತಾರೆ.

ಹಳೇ ಬ್ಯೂಗಲ್:
ಹಾಗೆ ಹೇಳೋದು ಸುಲಭ. ಆದರೆ ಅವರ ಮನಸ್ಸು 1913ರಲ್ಲೇ ಒಮ್ಮೆ ಕುಸಿದಿತ್ತು. ಯುದ್ಧ ಇಲ್ಲದಿದ್ದರೆ ಚೆನ್ನಾಗಿರುತ್ತಿದ್ದರು ಅಂತ ನಾನಂತೂ ಹೇಳಲಾರೆ.

ಪಿಟೀಲು ಹುಚ್ಚ:
ಈಗ ಮತ್ತೆ ಕೇಳಿದೆ. ಭಾಗದ ಕೊನೆಯಲ್ಲಿ ಹಾರ್ನ್ ಕೂಡ ಅದೇ ರಾಗ ಊದುತ್ತದೆ, ದೂರದಿಂದ ಬಂದ ಹಾಗೆ. ನಿನ್ನೆ ಅದು ಗಮನಕ್ಕೇ ಬಂದಿರಲಿಲ್ಲ.