ಮದುವೆಯ ರೀಲಿನೊಳಗೆ ಸಮುದ್ರ ಬಂದಿದೆ, ಎರಡನ್ನೂ ಬೇರ್ಪಡಿಸಬಹುದೇ?

ಹಳೇಪೆಟ್ಟಿಗೆ (ಪ್ರಶ್ನೆ)

ನನ್ನ ಸೋದರತ್ತೆಯ ಚರ್ಚ್ ಮದುವೆಯನ್ನು ದೊಡ್ಡಪ್ಪ 8 ಎಂಎಂ ಕ್ಯಾಮೆರಾದಲ್ಲಿ ಹಿಡಿದಿದ್ದರು. ಇರುವುದು ಒಂದೇ ಸಣ್ಣ ರೀಲು. ಡಬ್ಬಿಯ ಮೇಲೆ ‘ಕೊಡಾಕ್ರೋಮ್ 2’ ಎಂದಿದೆ. ದೊಡ್ಡಪ್ಪ ಈಗಿಲ್ಲ. ಮೊನ್ನೆ ಒಬ್ಬರಿಗೆ ಕೊಟ್ಟು ಡಿಜಿಟಲ್ ಮಾಡಿಸಿದೆ. ಬಂದ ವಿಡಿಯೊ 2 ನಿಮಿಷ 40 ಸೆಕೆಂಡ್. ಶಬ್ದವಿಲ್ಲ. ಪಾದ್ರಿಯಿಂದ ಹಿಡಿದು ಮದುಮಗಳವರೆಗೆ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಓಡಾಡುತ್ತಾರೆ.

ಅದನ್ನಾದರೂ ಸಹಿಸಿಕೊಳ್ಳಬಹುದು. ಚರ್ಚಿನ ಒಳಗಿನ ದೃಶ್ಯಗಳ ಮೇಲೆ ಸಮುದ್ರದಂಡೆ ಕಾಣುತ್ತದೆ! ಬಲಿಪೀಠದ ಕತ್ತಲಲ್ಲಿ ಒಬ್ಬ ಪುಟ್ಟ ಹುಡುಗ ಮರಳು ತೋಡುತ್ತಿದ್ದಾನೆ. ಮಾವನ ಕಪ್ಪು ಕೋಟಿನ ಮೇಲೆ ಅಲೆಗಳು ಹರಿಯುತ್ತವೆ. ಅತ್ತೆಯ ಬಿಳಿ ಉಡುಪಿಗೆ ಮಾತ್ರ ಏನೂ ಆಗಿಲ್ಲ. ಸರಿಯಾಗಿ ನಡುವೆ, 1 ನಿಮಿಷ 20 ಸೆಕೆಂಡಿನ ಹೊತ್ತಿಗೆ, ಕಿತ್ತಳೆ ಬಣ್ಣದ ಬೆಳಕು ಹಾಯ್ದು ಪರದೆ ಬೆಳ್ಳಗಾಗುತ್ತದೆ. ಅಲ್ಲಿಂದ ಮುಂದೆ ದಂಪತಿಗಳು ಚರ್ಚಿನಿಂದ ಹೊರಬರುವುದು, ಮೆಟ್ಟಿಲ ಮೇಲಿನ ಗುಂಪು, ಕಾರು, ಎಲ್ಲ ಸ್ವಚ್ಛವಾಗಿದೆ.

ಇದು ಡಿಜಿಟಲ್ ಮಾಡುವಾಗ ಆದ ಎಡವಟ್ಟೇ? ಮದುವೆಯನ್ನಷ್ಟೇ ಬೇರ್ಪಡಿಸಿ ತೆಗೆಯಲು ಆಗುತ್ತದೆಯೇ?

ನಿತ್ಯಸಂಕಲನ

ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಸಮುದ್ರವನ್ನು ಅಳಿಸಿ ಹಿನ್ನೆಲೆಯನ್ನು ತುಂಬಿಕೊಡುತ್ತವೆ. ಜೊತೆಗೆ ಒಂದು ಒಳ್ಳೆಯ ಪಿಯಾನೊ ಸಂಗೀತ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರೊಜೆಕ್ಟರ್ ಮೇಷ್ಟ್ರು

ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ನನ್ನ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ.

ಹಳೇಪೆಟ್ಟಿಗೆಯವರೇ, ಡಿಜಿಟಲ್ ಮಾಡಿದವರು ಕೆಡಿಸಿದ್ದು ವೇಗವೊಂದನ್ನೇ. ಸಮುದ್ರ ನಿಮ್ಮ ದೊಡ್ಡಪ್ಪನವರದೇ ಕಾಣಿಕೆ.

ಹಳೆಯ ಮಾದರಿಯ 8 ಎಂಎಂ ಕ್ಯಾಮೆರಾಕ್ಕೆ ಹಾಕುತ್ತಿದ್ದುದು 16 ಎಂಎಂ ಅಗಲದ, 25 ಅಡಿ ಉದ್ದದ ಸುರುಳಿ. ಮೊದಲ ಓಟದಲ್ಲಿ ಅಗಲದ ಒಂದು ಅರ್ಧಕ್ಕೆ ಮಾತ್ರ ಚಿತ್ರ ಬೀಳುತ್ತದೆ. ಆಮೇಲೆ ಕ್ಯಾಮೆರಾ ತೆರೆದು, ಸುರುಳಿಯನ್ನು ಮಗುಚಿ ಹಾಕಿ, ಇನ್ನೊಂದು ಅರ್ಧಕ್ಕೆ ಚಿತ್ರೀಕರಿಸಬೇಕು. ಸಂಸ್ಕರಣೆಯಾದ ಮೇಲೆ ಪ್ರಯೋಗಾಲಯದವರು ಉದ್ದಕ್ಕೆ ಸೀಳಿ, ಎರಡು ತುಂಡುಗಳನ್ನು ಅಂಟಿಸಿ 50 ಅಡಿಯ ರೀಲು ಮಾಡಿ ಕಳುಹಿಸುತ್ತಿದ್ದರು. ನೀವು ಕಂಡ ಕಿತ್ತಳೆ ಬೆಳಕು ಕ್ಯಾಮೆರಾದ ಮುಚ್ಚಳ ತೆರೆದಾಗ ಸುರುಳಿಯ ತುದಿಗೆ ತಗಲಿದ ಬೆಳಕು. ಮದುಮಕ್ಕಳು ಹೊರಗೆ ಬರುವಷ್ಟರಲ್ಲಿ ನಿಮ್ಮ ದೊಡ್ಡಪ್ಪ ಯಾವುದೋ ಕಂಬದ ಮರೆಯಲ್ಲಿ ಕೈ ನಡುಗಿಸುತ್ತ ಆ ಕೆಲಸ ಮುಗಿಸಿರಬೇಕು.

ಈಗ ಸಮುದ್ರದ ವಿಚಾರ. ಎರಡೂ ಅರ್ಧ ಮುಗಿದ ಸುರುಳಿ ಹೊಸದರಂತೆಯೇ ಸುತ್ತಿಕೊಂಡಿರುತ್ತದೆ. ಗುರುತು ಹಾಕದೆ ಚೀಲದಲ್ಲಿಟ್ಟರೆ ಹೊಸದೆಂದುಕೊಂಡು ಮತ್ತೆ ಕ್ಯಾಮೆರಾಕ್ಕೆ ಹಾಕುವುದು ಸುಲಭ. ಆಗ ಮೊದಲ ಅರ್ಧದ ಮೇಲೆ ಮೂರನೆಯ ಓಟ ನಡೆಯುತ್ತದೆ. ನಿಮ್ಮ ರೀಲಿನಲ್ಲಿ ಆಗಿರುವುದು ಇದೇ. ಎರಡನೆಯ ಅರ್ಧ ಸ್ವಚ್ಛವಾಗಿರುವುದರಿಂದ ಅವರು ನಾಲ್ಕನೆಯ ಓಟಕ್ಕೆ ಹೋಗಲಿಲ್ಲ, ಮಗುಚುವಾಗ ನೆನಪಾಗಿರಬಹುದು. ಮದುವೆಯ ಒಳಭಾಗ ಮೊದಲ ಅರ್ಧದಲ್ಲಿ, ಹೊರಭಾಗ ಎರಡನೆಯದರಲ್ಲಿ ಕ್ರಮವಾಗಿ ಇರುವುದನ್ನು ನೋಡಿದರೆ ಮದುವೆ ಮೊದಲು, ಸಮುದ್ರ ಆಮೇಲೆ.

ಕೋಟು ಮತ್ತು ಉಡುಪಿನ ಗುಟ್ಟೂ ಇಲ್ಲೇ ಇದೆ. ಕೊಡಾಕ್ರೋಮ್ ನೇರವಾಗಿ ಪಾಸಿಟಿವ್ ಚಿತ್ರವಾಗುವ ಫಿಲ್ಮು. ಬೆಳಕು ಬಿದ್ದಷ್ಟೂ ಪಾರದರ್ಶಕವಾಗುತ್ತದೆ. ಬಿಳಿ ಉಡುಪು ಇರುವ ಜಾಗಕ್ಕೆ ಮೊದಲೇ ಬೇಕಾದಷ್ಟು ಬೆಳಕು ಸಿಕ್ಕಿದೆ, ಸಮುದ್ರ ಅಲ್ಲಿ ಹೆಚ್ಚೇನೂ ಸೇರಿಸಲಾರದು. ಕಪ್ಪು ಕೋಟಿನ ಜಾಗ ಖಾಲಿ, ಅಲ್ಲಿ ಅಲೆ ಮೂಡುತ್ತದೆ. ಕೊಡಾಕ್ರೋಮ್ 2 ಬಂದದ್ದು 1961ರಲ್ಲಿ. ಹಗಲು ಬೆಳಕಿಗೆ ಅದರ ವೇಗ, ಅಂದರೆ ಬೆಳಕನ್ನು ಗ್ರಹಿಸುವ ಶಕ್ತಿ, ಎಎಸ್‌ಎ ಅಳತೆಯಲ್ಲಿ 25 ಮಾತ್ರ. ಅಷ್ಟು ನಿಧಾನದ ಫಿಲ್ಮಿಗೆ ಚರ್ಚಿನ ಒಳಗಿನ ಮಂದ ಬೆಳಕು ಸಾಲದು. ಹಾಗಾಗಿ ನಿಮ್ಮ ಬಲಿಪೀಠ ಹುಡುಗನಿಗೆ ಜಾಗ ಬಿಟ್ಟುಕೊಟ್ಟಿತು.

ಎರಡು ಬೆಳಕುಗಳೂ ಫಿಲ್ಮಿನ ಅವೇ ಬಣ್ಣದ ಪದರಗಳಲ್ಲಿ ಕೂಡಿಹೋಗಿವೆ. ಒಂದನ್ನು ಕಳೆಯಬೇಕಾದರೆ ಅದೊಂದೇ ಹೇಗಿತ್ತೆಂಬ ಪ್ರತಿ ಬೇರೆ ಇರಬೇಕು. ತಂತ್ರಾಂಶ ಕೊಡುವುದು ಊಹೆಯನ್ನು. ಮಾವನ ಮುಖದ ಮೇಲೆ ಅಲೆ ಇದ್ದರೆ ಅಲ್ಲಿ ಮತ್ಯಾರದೋ ಕೆನ್ನೆ ಕೂರಿಸುತ್ತದೆ. ಬೇಕಿದ್ದರೆ ಒಂದು ನಕಲಿನಲ್ಲಿ ಆಡಿ, ಮೂಲ ಸ್ಕ್ಯಾನನ್ನು ಮುಟ್ಟಬೇಡಿ. ಪಿಯಾನೊ ಬಗ್ಗೆ ನಾನು ಮಾತಾಡುವುದಿಲ್ಲ, ನನಗೆ ರಕ್ತದೊತ್ತಡ ಇದೆ.

ವೇಗವನ್ನು ಮಾತ್ರ ಸರಿಪಡಿಸಲೇಬೇಕು. 50 ಅಡಿಯಲ್ಲಿ ಸುಮಾರು 4,000 ಚೌಕಟ್ಟುಗಳು. ಅವನ್ನು ಸೆಕೆಂಡಿಗೆ 25ರಂತೆ ಓಡಿಸಿದ್ದಾರೆ, ಅದಕ್ಕೇ 2 ನಿಮಿಷ 40 ಸೆಕೆಂಡ್. ಆಗಿನ ರೂಢಿಯಂತೆ 16ಕ್ಕೆ ಇಳಿಸಿದರೆ 4 ನಿಮಿಷ 10 ಸೆಕೆಂಡ್ ಆಗುತ್ತದೆ, ನಿಮ್ಮ ಅತ್ತೆ ಮದುಮಗಳಂತೆ ನಡೆಯುತ್ತಾರೆ.

ತಂಪುಕಪಾಟು

ರೀಲಿಗೆ ವಿನೆಗರ್ ವಾಸನೆ ಇದೆಯೇ ನೋಡಿ. ಇದ್ದರೆ ಫಿಲ್ಮಿನ ಪಟ್ಟಿಯ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯಲು ಶುರುವಾಗಿದೆ ಎಂದರ್ಥ. ಬೇರೆ ರೀಲುಗಳಿಂದ ದೂರವಿಡಿ, ಬೇಗ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಆಸೆಗೆ ಬಿದ್ದು ಹಳೆಯ ಪ್ರೊಜೆಕ್ಟರ್‌ನಲ್ಲಿ ಓಡಿಸಬೇಡಿ. ಕುಗ್ಗಿದ ಫಿಲ್ಮಿನ ತೂತುಗಳನ್ನು ಅದರ ಕೊಕ್ಕೆ ಹರಿದುಹಾಕುತ್ತದೆ.

ಹಳೇಪೆಟ್ಟಿಗೆ

ವಾಸನೆ ಇಲ್ಲ. ವೇಗ ಇಳಿಸಿ ಅತ್ತೆಗೆ ತೋರಿಸಿದೆ. ಮೇಷ್ಟ್ರು ಹೇಳಿದ ಕ್ರಮ ಸರಿ: ಮರಳು ತೋಡುವ ಹುಡುಗ ಅತ್ತೆಯ ಹಿರಿಯ ಮಗನೇ ಅಂತೆ! ಅಂದರೆ ಮದುವೆಯ ಸುರುಳಿ ವರ್ಷಗಟ್ಟಲೆ ದೊಡ್ಡಪ್ಪನ ಚೀಲದಲ್ಲೇ ಇತ್ತು. “ಪ್ರಯೋಗಾಲಯದವರು ಕಳೆದುಹಾಕಿದರು ಎಂದು ನನಗೆ ಹೇಳಿದ್ದ” ಎಂದು ಅತ್ತೆ ಸತ್ತ ಅಣ್ಣನ ಮೇಲೆ ಈಗ ಸಿಟ್ಟಾಗಿದ್ದಾರೆ. ಸಮುದ್ರವನ್ನು ತೆಗೆಸಲೇ ಎಂದು ಕೇಳಿದ್ದಕ್ಕೆ ನನಗೂ ಬೈದರು.

ಪ್ರೊಜೆಕ್ಟರ್ ಮೇಷ್ಟ್ರು

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ರೀಲು ನೋಡುತ್ತ ಬೈಯುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ; ಮೆಟ್ಟಿಲ ಮೇಲಿರುವವರ ಹೆಸರುಗಳೂ ಅದರಲ್ಲೇ ಬರುತ್ತವೆ. ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ತೂತುಗಳಿರುವ ಅಂಚೂ ಬರುವಂತೆ ಹೇಳಿ. ಕೊಡಾಕ್‌ನವರು ಅಂಚಿನಲ್ಲಿ ಚೌಕ, ವೃತ್ತ, ತ್ರಿಕೋನಗಳ ಮೂಲಕ ಫಿಲ್ಮು ತಯಾರಾದ ವರ್ಷವನ್ನು ಗುರುತಿಸುತ್ತಿದ್ದರು. ಅದೇ ಗುರುತು 20 ವರ್ಷಕ್ಕೊಮ್ಮೆ ಮರಳುತ್ತದೆ, ಆದರೆ ಮದುವೆಯ ವರ್ಷ ನಿಮಗೆ ಗೊತ್ತಿರುವುದರಿಂದ ಗೊಂದಲವಾಗದು.