ಯೂರಿಕ್ ಆಸಿಡ್ ಐತಂತ ಬ್ಯಾಳಿ ಬಿಡಬೇಕೇನ್ರಿ?

ಮುಧೋಳದಿಂದ ಕೇಳಿದ್ದು:
ನಮ್ಮಪ್ಪಗ 58 ವರ್ಷ. ಎರಡು ತಿಂಗಳ ಹಿಂದ ನಡುರಾತ್ರ್ಯಾಗ ಬಲಗಾಲಿನ ಹೆಬ್ಬೆರಳು ಬಾತು ಕೆಂಪಗಾಗಿ, ಚಾದರ ತಾಗಿದ್ರೂ ಚೀರೂವಂಗಾತು. ರಕ್ತದಾಗ ಯೂರಿಕ್ ಆಸಿಡ್ 8.9 (ಮಿಗ್ರಾಂ/ಡೆಸಿಲೀಟರ್) ಬಂತು, ಗೌಟ್ ಅಂದ್ರು, ಅಂದ್ರ ಯೂರಿಕ್ ಆಸಿಡ್ ಹರಳಿನಿಂದ ಬರೂ ಕೀಲುಬ್ಯಾನಿ. ಬಾವು ಇಳಿದ ಮ್ಯಾಲ ಡಾಕ್ಟ್ರು ಯೂರಿಕ್ ಆಸಿಡ್ ಇಳಿಸೂ ಗುಳಿಗಿ, ಅಲೋಪ್ಯೂರಿನಾಲ್ 100 ಮಿಗ್ರಾಂ, ಚಾಲೂ ಮಾಡಿದ್ರು. ಮೂರು ವಾರಕ್ಕ ಮತ್ತ ಬಾವು. ‘ಈ ಗುಳಿಗಿ ನನಗ ಹತ್ತೂದಿಲ್ಲ’ ಅಂತ ಬಿಟ್ಟ ಬಿಟ್ಟಾರ. ಓಣಿ ಮಂದಿ ಮಾತು ಕೇಳಿ ಬ್ಯಾಳಿ, ಪಾಲಕ್ ಎಲ್ಲಾ ಬಂದ್. ರೊಟ್ಟಿಗೆ ಬರೀ ಚಟ್ನಿ. ಅನುಭವ ಇದ್ದವ್ರು ಹೇಳ್ರಿ.

ವಿಜಯಪುರದಿಂದ:
ತಮ್ಮಾ, ನಾನೂ ಒಂದು ವರ್ಷ ತೊಗರಿ ಬ್ಯಾಳಿ ಮುಟ್ಟಿರಲಿಲ್ಲ. ಬಾವು ಮಾತ್ರ ಬರೂದು ಬಿಡಲಿಲ್ಲ. ಕಡೀಕ ಡಾಕ್ಟ್ರು ಕೇಳಿದ್ರು, ‘ಬಿಸಿಲಾಗ ಏನ್ ಕುಡೀತೀರಿ?’ ದಿನಾ ಎರಡು ಗ್ಲಾಸ್ ಕಬ್ಬಿನ ಹಾಲು ಕುಡೀತಿದ್ದೆ! ಅದರಾಗ ಪ್ಯೂರಿನ್, ಅಂದ್ರ ಒಡದು ಯೂರಿಕ್ ಆಸಿಡ್ ಆಗೂ ವಸ್ತು, ಇಲ್ಲ ಅನ್ನೂವಷ್ಟ. ಆದ್ರ ಅದರ ಸಕ್ಕರಿಯೊಳಗಿನ ಫ್ರಕ್ಟೋಸ್ ಅರಗಿಸೂ ಮುಂದ ಲಿವರ್ ತನ್ನ ಎಟಿಪಿ (ಜೀವಕೋಶಕ್ಕ ಶಕ್ತಿ ಕೊಡೂ ಕಣ, ಅದರಾಗೂ ಪ್ಯೂರಿನ್ ಇರ್ತದ) ಖರ್ಚು ಮಾಡ್ತದ, ಅದು ಒಡದು ಯೂರಿಕ್ ಆಸಿಡ್ ಆಗ್ತದ. ಬೀರಿಂದು ಇನ್ನೂ ಕೆಟ್ಟ, ಅದರಾಗ ಪ್ಯೂರಿನ್ನೂ ಅದ.

ಪ್ಯೂರಿನ್ ಏನ್ ವಿಷ ಅಲ್ಲ. ಡಿಎನ್ಎದ ನಾಕು ಅಕ್ಷರದಾಗ ಎರಡು, ಅಡೆನಿನ್ ಮತ್ತ ಗ್ವಾನಿನ್, ಪ್ಯೂರಿನ್ನೇ. ಹಳೇ ಜೀವಕೋಶ ಒಡದಾಗ ಬಂದದ್ದರಾಗ ಬಹಳಷ್ಟು ಮೈ ತಿರುಗಿ ಬಳಸ್ತದ, ಉಳಿದದ್ದು ಯೂರಿಕ್ ಆಸಿಡ್. ಊಟದಿಂದ ಬರೂದು ಸುಮಾರು ಮೂರರಾಗ ಒಂದು ಪಾಲು. ಎತ್ತಿನ ಮೈಯಾಗ ಅದನ್ನ ಮುರಿಯೋ ಯೂರಿಕೇಸ್ ಅಂಬೋ ಕಿಣ್ವ ಅದ, ಮನಷ್ಯಾಗ ಇಲ್ಲ. ಹೆಚ್ಚಿನ ಪಾಲು ಮೂತ್ರಪಿಂಡನ ಹೊರಗ ಹಾಕಬೇಕು. ಅದಕ್ಕ ಬ್ಯಾಸಗ್ಯಾಗ ನೀರು ಕಮ್ಮಿ ಆದ್ರ ನಮ್ಮ ಕಡೆ ತ್ರಾಸ ಜಾಸ್ತಿ. ಕಲೀಜಾ, ಮಟನ್ ಕಮ್ಮಿ ಮಾಡ್ರಿ. ಬ್ಯಾಳಿ, ಪಾಲಕ್ ಉಣ್ಣಲಿ, ಅವುಗಳ ಪ್ಯೂರಿನ್ ಅಷ್ಟು ಕಾಡೂದಿಲ್ಲ. ಮಜ್ಜಗಿ ಅಂತೂ ಚಲೋನ.

ಬಾಗಲಕೋಟೆಯಿಂದ (ಲ್ಯಾಬಿನಾಗ ಕೆಲಸ ಮಾಡ್ತೀನಿ):
ಗುಳಿಗಿ ಬಿಟ್ಟದ್ದು ತಪ್ಪಾತ್ರಿ. ರಕ್ತದಾಗ 6.8 ದಾಟಿದ್ರ ಯೂರಿಕ್ ಆಸಿಡ್ ಕರಗಿ ಉಳಿಯೂದಿಲ್ಲ, ಕೀಲಿನ್ಯಾಗ ಸೂಜಿಯಂಥ ಹರಳು ಕಟ್ತೈತಿ. ಅಲೋಪ್ಯೂರಿನಾಲ್ ಕ್ಸಾಂಥೀನ್ ಆಕ್ಸಿಡೇಸ್ ಅನ್ನೂ ಕಿಣ್ವ ತಡದು ಅಂಕಿ ಇಳಸ್ತೈತಿ, ಆಗ ಹಳೇ ಹರಳು ಸಡಿಲಾಗಿ ಮೊದಲ ಕೆಲವು ತಿಂಗಳು ಬಾವು ಬರಬಹುದು. ಗುಳಿಗಿ ಕೆಲಸ ಮಾಡಾಕತ್ತೈತಿ ಅಂತ ತಿಳೀರಿ. ಆ ಹೊತ್ತಿಗೆ ಜೋಡಿಗೆ ಬಾವು ತಡಿಯೂ ಕೊಲ್ಚಿಸಿನ್ ಅನ್ನೂ ಗುಳಿಗಿ ಕೊಡೂ ಪದ್ಧತಿ ಐತಿ, ಡಾಕ್ಟ್ರನ್ನ ಕೇಳ್ರಿ. ಗುರಿ 6ರ ಕೆಳಗ. ಡೋಸ್ ಸಾವಕಾಶ ಏರಿಸೂದು ಅವರ ಕೆಲಸ, ನಿಮ್ಮದಲ್ಲ. ಮೈಮ್ಯಾಲ ಗಂದಿ ಎದ್ರ ಮಾತ್ರ ಕೂಡಲೇ ನಿಲ್ಲಿಸಿ ದವಾಖಾನಿಗೆ ಓಡ್ರಿ.

ಇನ್ನೊಂದು: ಬಾವು ಬಂದಾಗ ರಕ್ತ ಕೊಟ್ರ ಅಂಕಿ ನಾರ್ಮಲ್ ಬರಬಹುದು. ಆ ರಿಪೋರ್ಟ್ ನೋಡಿ ‘ಇದು ಗೌಟ್ ಅಲ್ಲ’ ಅಂತ ಮನಿಗೆ ಹೋದವ್ರನ್ನ ಭಾಳ ನೋಡೀನಿ. ತ್ರಾಸ ಇಲ್ಲದ ಬರೀ ಅಂಕಿ ಜಾಸ್ತಿ ಇದ್ರ ಸಾಮಾನ್ಯವಾಗಿ ಗುಳಿಗಿ ಬೇಕಾಗಂಗಿಲ್ಲ. ಅಂದಂಗ, ಅಲೋಪ್ಯೂರಿನಾಲ್ ಮೊದಲು ಮಾಡಿದ್ದು ಗೌಟಿಗಲ್ಲ, ರಕ್ತದ ಕ್ಯಾನ್ಸರಿನ ಒಂದು ಔಷಧ ಮೈಯಾಗ ಲಗೂ ಒಡೀಬಾರದಂತ. ಈ ಕೆಲಸದ ಹಿಂದಿದ್ದ ವಿಜ್ಞಾನಿಗಳು ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವ್ರಿಗೆ 1988ರಾಗ ನೊಬೆಲ್ ಬಂತು.

ಬೆಳಗಾವಿಯಿಂದ:
ಬಿಪಿ ಗುಳಿಗಿ ಯಾವುದು ನೋಡ್ರಿ. ನಮ್ಮ ಮಾವನವರದು ಮೂತ್ರ ಹೋಗಿಸೂ ಗುಳಿಗಿ ಇತ್ತು, ಅದು ಯೂರಿಕ್ ಆಸಿಡ್ ಏರಸ್ತೈತಂತ. ಡಾಕ್ಟ್ರು ಅದನ್ನ ಬದಲಿಸಿ ಲೊಸಾರ್ಟಾನ್ ಅನ್ನೂ ಬ್ಯಾರೆ ಬಿಪಿ ಗುಳಿಗಿ ಮಾಡಿಕೊಟ್ರು, ಅರ್ಧ ತ್ರಾಸ ಇಳೀತು.

ಮುಧೋಳದಿಂದ ಮತ್ತ:
ಅಕ್ಕಾರ, ಅಪ್ಪನ ಗುಳಿಗಿ ಡಬ್ಬಿ ತಗದು ನೋಡಿದೆ. ಬಿಪಿ ಗುಳಿಗಿ ಹೆಸರಿನ ಜೋಡಿ ಹೈಡ್ರೋಕ್ಲೋರೋಥಯಾಜೈಡ್ ಅಂತ ಐತಿ, ಅದೂ ಮೂತ್ರ ಹೋಗಿಸೂದ. ಸೋಮವಾರ ಚೀಟಿ ಸಮೇತ ಡಾಕ್ಟ್ರ ಹತ್ರ ಹೊಂಟೀವಿ. ಇವತ್ತ ರಾತ್ರಿ ಅವ್ವ ಬ್ಯಾಳಿ ಸಾರು ಮಾಡ್ಯಾಳ, ಅಪ್ಪ ಎರಡು ಸಲ ಹಾಕಿಸಿಕೊಂಡ. ಕಬ್ಬಿನ ಹಾಲಿನ ಮಾತು ಇನ್ನೂ ಎತ್ತಿಲ್ಲ, ನಮ್ಮದ ಕಬ್ಬಿನ ಹೊಲ!